ಅಜ್ಜಂಪುರದ ಸೀಮೆಯಲ್ಲಿ ಹಾಳೆ ತಿರುಗದ ಮನೆ

ಘಟ್ಟದ ಮೇಲೆ

ಪರದೇಶಕ್ಕೆ ಹೋಗಿ ಬಂದೆ ಎಂದರೆ ಮಂಗಳೂರಿನ ಅಕ್ಕಂದಿರು ಮೊದಲು ಕೇಳುವುದು, "ಯಾವ ಹಡಗಿನಲ್ಲಿ?" ಎಂದು. ಹಡಗೂ ಇಲ್ಲ, ಹಾಯಿಯೂ ಇಲ್ಲ. ನಾವು ಹತ್ತಿದ್ದು ಎತ್ತಿನ ಗಾಡಿ. ಆದರೆ ಚಾರ್ಮಾಡಿ ಘಾಟಿ ಏರಿ ಗಡಿ ದಾಟಿದೆವೋ ಇಲ್ಲವೋ, ಮದ್ರಾಸಿನ ಸರಕಾರ ಹಿಂದೆ ಉಳಿಯಿತು, ಮೈಸೂರು ಮಹಾರಾಜರ ರಾಜ್ಯ ಶುರುವಾಯಿತು. ನಮ್ಮ ತಹಶೀಲ್ದಾರರು ಅಲ್ಲಿ ಅಮಲ್ದಾರರು. ನಮ್ಮ ಗಂಜಿಯ ಜಾಗದಲ್ಲಿ ರಾಗಿ ಮುದ್ದೆ. ಗಾಳಿಯಲ್ಲಿ ಮೀನಿನ ವಾಸನೆ ಹುಡುಕಿದರೂ ಸಿಗದು. ಇದು ಪರದೇಶವಲ್ಲದೆ ಮತ್ತೇನು?

ಹೋದ ಕಾರಣ ಹೇಳುತ್ತೇನೆ. ನಮ್ಮವರು ಕ್ರೈಸ್ತ ಸಭೆಯ ಉಪದೇಶಿ. ಅಜ್ಜಂಪುರದ ಹತ್ತಿರದ ಹಳ್ಳಿಯೊಂದರಿಂದ ಹಾಲಪ್ಪಗೌಡ ಎಂಬ ರೈತ, ತನಗೂ ಹೆಂಡತಿ ಮಗಳಿಗೂ ದೀಕ್ಷಾಸ್ನಾನ ಬೇಕೆಂದು ಹೇಳಿ ಕಳಿಸಿದ್ದ. ಸುವಾರ್ತೆಯ ಒಂದು ತೆಳ್ಳನೆಯ ಪುಸ್ತಕವನ್ನು ಅವನಿಗೆ ಮಾರಿದವನು ನಮ್ಮೂರಿನವನು. ಆದ್ದರಿಂದ ಹೇಳಿಕೆ ನಮ್ಮಲ್ಲಿಗೆ ಬಂತು. ಆ ಮನೆಯವರು ಸಿದ್ಧರಾಗಿದ್ದಾರೋ ಇಲ್ಲವೋ ಎಂದು ಪ್ರಶ್ನೆ ಕೇಳಿ ನೋಡಿ ಪಾದ್ರಿಯವರಿಗೆ ತಿಳಿಸುವುದು ನಮ್ಮವರ ಕೆಲಸ. ಹೆಂಗಸರನ್ನು ಕೇಳಲು ಹೆಂಗಸೇ ಬೇಕಲ್ಲ ಎಂದು ಹಟ ಹಿಡಿದು ನಾನೂ ಹೊರಟೆ. ನಿಜ ಹೇಳಬೇಕೆಂದರೆ ಹೊಗೆಗಾಡಿ ಹತ್ತುವ ಆಸೆ ನನಗೆ ಬಹಳ ಇತ್ತು.

ಪ್ರಶ್ನೆ ಕೇಳುವ ಯೋಗ್ಯತೆ ನನಗಿಲ್ಲ ಎಂದು ಯಾರೂ ಅನ್ನಲಾರರು. ನಮ್ಮ ಮನೆಯಲ್ಲಿ ಸತ್ಯವೇದ ವರ್ಷಕ್ಕೊಮ್ಮೆ ಮೊದಲಿನಿಂದ ಕೊನೆಯವರೆಗೆ ಮುಗಿಯುತ್ತದೆ, ಕ್ರಿಸ್ಮಸ್ಸಿಗೆ ಗೋಡೆಗೆ ಸುಣ್ಣ ಬಳಿದು ಮುಗಿಸಿದ ಹಾಗೆ!

ಕಡೂರು

ಚಿಕ್ಕಮಗಳೂರಿನ ಹಸಿರು ಇಳಿದು ಕಡೂರಿಗೆ ಬಂದರೆ ಕಣ್ಣಿಗೆ ಸಿಗುವುದು ಬಯಲು, ಬಿಸಿಲು, ತೆಂಗು. ತೆಂಗು ಕಂಡು ನನಗೆ ನೆಂಟರು ಸಿಕ್ಕಷ್ಟು ಸಂತೋಷವಾಯಿತು. ಆದರೆ ನಮ್ಮ ತೆಂಗು ಹೊಳೆಯ ದಡದಲ್ಲಿ ಕಾಲು ಚಾಚಿ ಕುಡಿಯುತ್ತದೆ. ಇಲ್ಲಿಯದು ಕೆರೆಯ ನೀರು ಬರುವ ದಿನ ಕಾಯುತ್ತದೆ.

ಛತ್ರದಲ್ಲಿ ಇಳಿದು ಸ್ನಾನಕ್ಕೆ ನೀರು ಕೇಳಿದೆ. ಅಲ್ಲಿಯ ಮುದುಕಿ ಒಂದು ಚೊಂಬು ನೀರು ತಂದಿಟ್ಟಳು. ಮುಖಕ್ಕಿರಬೇಕೆಂದು ತೊಳೆದುಕೊಂಡೆ, ಕಾಲಿಗೆ ಸುರಿದುಕೊಂಡೆ, ಹಂಡೆ ಎಲ್ಲಿ ಎಂದು ಕೇಳಿದೆ. ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹಂಡೆನಾ? ಅದೇ ಕಣವ್ವ ನಿನ್ ಸ್ನಾನ. ಚೆಲ್ಬಿಟ್ಟೆಯಲ್ಲ!"

ನಮ್ಮವರು ಬಾಗಿಲ ಆಚೆ ನಕ್ಕದ್ದು ನನಗೆ ಕೇಳಿಸಿತು. ಮಾತು ಬೇರೆ ಕಡೆ ತಿರುಗಲೆಂದು, ನಾವು ಅಜ್ಜಂಪುರದ ಕಡೆ ಹಾಲಪ್ಪಗೌಡರ ಮನೆಗೆ ಹೊರಟವರು ಎಂದೆ. ಮುದುಕಿ ಬೊಚ್ಚುಬಾಯಿ ಬಿಟ್ಟಳು.

"ಹಗ್ಗದ ಗೌಡ್ರ ಮನೇಗಾ? ಹೋಗ್ಬನ್ನಿ ತಾಯಿ, ಹೋಗ್ಬನ್ನಿ! ಸಂತೇಲಿ ಅಷ್ಟೂ ಕುರಿ ಓಡ್ಸಿ ಒದೆ ತಿಂದ್ನಲ್ಲ, ಆ ಪುಣ್ಯಾತ್ಮ!"

ದೀಕ್ಷಾಸ್ನಾನ ಬೇಡಿದವನು ಸಂತೆಯಲ್ಲಿ ಒದೆ ತಿಂದವನೇ? ನಮ್ಮವರ ನಗು ನಿಂತಿತು. ನನಗೋ ಕುತೂಹಲ ತಡೆಯಲಾಗಲಿಲ್ಲ. ಈಗಲೇ ಹೊರಡೋಣ ಎಂದು ಗಂಟು ಕಟ್ಟಿದೆ.

ತರೀಕೆರೆ

ನಾವು ತರೀಕೆರೆಗೆ ಹೋಗಬೇಕಾಗಿರಲಿಲ್ಲ. ಹೋದದ್ದು ವೇದ ಓದಿದ್ದರಿಂದ!

ಕಡೂರಿನ ಮುಂದಿನ ಬೀರೂರಿನಲ್ಲಿ ಹಳಿ ಎರಡಾಗಿ ಒಡೆಯುತ್ತದೆ. ಒಂದು ಅಜ್ಜಂಪುರ, ಶಿವನಿ ದಾಟಿ ಬಡಗಣ ದಿಕ್ಕಿಗೆ; ಇನ್ನೊಂದು ಶಿವಮೊಗ್ಗಕ್ಕೆ. ಅಲ್ಲಿ ಗಾಡಿ ನೋಡಿ ಹತ್ತಬೇಕು ಎಂದು ಛತ್ರದಲ್ಲಿ ಸಾರಿ ಸಾರಿ ಹೇಳಿದ್ದರು. ನಮ್ಮವರು ಸತ್ಯವೇದದ ಕೀರ್ತನೆಗಳಲ್ಲಿ ಮುಳುಗಿದ್ದರು. ಎದುರಿಗೆ ನಿಂತ ಗಾಡಿಗೆ ತಲೆ ಎತ್ತದೆ ಹತ್ತಿ, ತಲೆ ಎತ್ತದೆ ಕೂತರು. ಗಂಡನ ಹಿಂದೆ ಹೆಂಡತಿ. ಕಿಟಕಿಯಲ್ಲಿ ಗುಡ್ಡಗಳು ಬರತೊಡಗಿದಾಗ ನಾನೇ ಕೇಳಿದೆ:

"ಅಜ್ಜಂಪುರದಲ್ಲಿ ಬರೀ ಬಯಲು ಅಂತ ಹೇಳಿದ್ದರಲ್ಲ, ಇದೇನು ಗುಡ್ಡ ಉಂಟು?"

"ದೇವರ ಸೃಷ್ಟಿ," ಎಂದು ಹಾಳೆ ತಿರುಗಿಸಿದರು.

ತರೀಕೆರೆಯಲ್ಲಿ ಇಳಿದು ಬೋರ್ಡು ಓದಿದ ಮೇಲೆ ಅವರ ಮುಖ ನೋಡಬೇಕಿತ್ತು! ಒಂದು ವಾರ ಹೇಳಿಕೊಂಡು ನಗಲು ನನಗೆ ಬಂಡವಾಳ ಸಿಕ್ಕಿತು. ಹಿಂದಕ್ಕೆ ಹೋಗುವ ಗಾಡಿ ಹೊರಟುಹೋಗಿತ್ತು. ರಾತ್ರಿ ಅಲ್ಲಿಯೇ ಕಳೆದು, ಬೆಳಗ್ಗೆ ಎತ್ತಿನ ಗಾಡಿಯ ಸಾಬರೊಬ್ಬರನ್ನು ಗೊತ್ತು ಮಾಡಿ ನೆಲದ ದಾರಿಯಲ್ಲೇ ಹೊರಟೆವು.

ಈ ಸಾಬರು ದಾರಿಯುದ್ದ ಎತ್ತುಗಳ ಜೊತೆ ಮಾತಾಡುವವರು, ಮನುಷ್ಯರ ಜೊತೆ ಕಡಿಮೆ. ಹಾಲಪ್ಪಗೌಡರ ಹೆಸರು ಹೇಳಿದಾಗ ಮಾತ್ರ ತಿರುಗಿ ನೋಡಿದರು.

"ಗೊತ್ತು ಸ್ವಾಮಿ. ಆ ಮನೇಲಿ ಒಂದು ಪುಸ್ತಕ ಐತೆ. ದಿನಾ ಓದ್ತಾರೆ."

"ಅದು ಒಳ್ಳೆಯದಲ್ಲವೇ?" ಎಂದರು ನಮ್ಮವರು.

"ಓದೋದು ಒಳ್ಳೇದೇ ಸ್ವಾಮಿ. ಎಲ್ರೂ ಓದ್ತಾರೆ. ಇವ್ರು ಓದಿ ಸುಮ್ಕಿರಲ್ಲ ನೋಡಿ, ಅದೇ ತಾಪತ್ರಯ."

ನಾನು ಗಾಡಿಯಿಂದ ಬೀಳುವಷ್ಟು ಮುಂದೆ ಬಗ್ಗಿ, ಏನು ತಾಪತ್ರಯ ಎಂದೆ. ಅವರು "ಹೈ ಹೈ" ಎಂದು ಎತ್ತುಗಳ ಕಡೆ ತಿರುಗಿಬಿಟ್ಟರು.

ಅಜ್ಜಂಪುರದ ಕಪ್ಪು ನೆಲ

ಕೆಂಪು ಮಣ್ಣಿನಲ್ಲಿ ಹುಟ್ಟಿದವಳಿಗೆ ಕಪ್ಪು ಮಣ್ಣು ಕಂಡರೆ ಯಾರೋ ಹೊಲಕ್ಕೆಲ್ಲ ಮಸಿ ಚೆಲ್ಲಿದ ಹಾಗೆ ಕಾಣುತ್ತದೆ. ಯುಗಾದಿ ಹತ್ತಿರವಾಗಿತ್ತು, ನೆಲ ಬಿರುಕು ಬಿಟ್ಟು ಬಾಯಿ ತೆರೆದಿತ್ತು. ಸರಕಾರದ ಕಾವಲಿನ ಹುಲ್ಲುಗಾವಲಿನಲ್ಲಿ ಉದ್ದ ಕೊಂಬಿನ ದನಗಳು ನಮ್ಮನ್ನು ತಿರಸ್ಕಾರದಿಂದ ನೋಡಿದವು. ನಮ್ಮೂರ ಗಿಡ್ಡ ಹಸುಗಳು ಇವನ್ನು ಕಂಡರೆ ದಾರಿ ಬಿಟ್ಟು ನಿಂತಾವು.

ಹಾಲಪ್ಪಗೌಡರ ಮನೆ ಊರ ಮುಂದಿನ ಬಾವಿಯ ಪಕ್ಕ. ಗಾಡಿ ನಿಂತದ್ದೇ ತಡ, ಬಿಳಿ ಮೀಸೆಯ ಎತ್ತರದ ಆಳೊಬ್ಬರು ಓಡಿ ಬಂದು, ನಮ್ಮವರನ್ನು ಜಗಲಿಯ ಮೇಲೆ ಕೂರಿಸಿ, ಹೆಗಲ ವಸ್ತ್ರ ಸೊಂಟಕ್ಕೆ ಕಟ್ಟಿ, ಅವರ ಕಾಲನ್ನು ತಮ್ಮ ಕೈಯಲ್ಲಿ ತೊಳೆಯತೊಡಗಿದರು. ಅವರೇ ಗೌಡರು! ಕಾಲಿಗೆ ನೀರು ಕೊಡುವುದು ಎಲ್ಲ ಮನೆಯಲ್ಲೂ ಉಂಟು. ಯಜಮಾನನೇ ಮೊಣಕಾಲೂರಿ ತೊಳೆಯುವುದನ್ನು ನಾನು ಯಾವ ಮನೆಯಲ್ಲೂ ಕಂಡಿಲ್ಲ. ಅಷ್ಟರಲ್ಲಿ ಅವರ ಹೆಂಡತಿ ಗಿರಿಯಮ್ಮ ನನ್ನ ಕಾಲು ಹಿಡಿದರು. ನನಗೆ ಅಂಗಾಲು ಮುಟ್ಟಿದರೆ ಕಚಗುಳಿ. ಕಿಟಾರನೆ ಕಿರುಚಿ ಒದ್ದ ರಭಸಕ್ಕೆ ಚೊಂಬು ಹಾರಿ ಅಂಗಳಕ್ಕೆ ಬಿತ್ತು. ಗಿರಿಯಮ್ಮ ನೆಲದ ಮೇಲೆ ಕೂತು, ಕಣ್ಣೀರು ಬರುವಷ್ಟು ನಕ್ಕರು. ಆ ಕ್ಷಣದಿಂದ ನಾವಿಬ್ಬರೂ ಅಕ್ಕತಂಗಿಯರು.

ಹಗ್ಗದ ಕಥೆಯನ್ನು ಒಲೆಯ ಮುಂದೆ ಹೇಳಿದವರೂ ಅವರೇ. ಆ ಮನೆಯಲ್ಲಿ ಒಂದು ಕಟ್ಟಳೆ ಉಂಟು: ಓದಿದ್ದನ್ನು ಮಾಡುವವರೆಗೆ ಮುಂದಿನ ಹಾಳೆ ತಿರುಗಿಸುವ ಹಾಗಿಲ್ಲ! ಗೌಡರು ಪುಸ್ತಕ ಕೊಂಡ ಹೊಸದರಲ್ಲಿ, ಯೇಸುಸ್ವಾಮಿ ಹಗ್ಗದ ಚಾಟಿ ಮಾಡಿ ದೇವಾಲಯದಿಂದ ಕುರಿ ದನ ಮಾರುವವರನ್ನು ಓಡಿಸಿದ ಭಾಗ ಬಂತು. ಗೌಡರು ಮಾರನೆಯ ದಿನವೇ ಹಗ್ಗ ಹೊಸೆದುಕೊಂಡು ಹೋಗಿ, ಸಂತೆಯ ದಿನ ಗುಡಿಯ ಮುಂದೆ ನಿಂತ ಕುರಿಗಳನ್ನು ಚದುರಿಸಿದರು.

"ಯಗಟಿಯ ಕುರಿ ಯಾಪಾರ್ದೋರು ಬಿಡ್ತಾರ? ಚಚ್ಚಿ ಮನೇಗ್ ಕಳಿಸಿದ್ರು ಕಣಮ್ಮ," ಎಂದರು ಗಿರಿಯಮ್ಮ. "ಅವತ್ತು ಅರಿಶ್ಣ ಹಚ್ಚುತ್ತಾ ನಾನಂದೆ: ಇನ್ಮೇಲೆ ಆತ ಮಾಡಿದ್ದೆಲ್ಲ ನಾವು ಮಾಡೋದು ಬ್ಯಾಡ. ಆತ ಮಾಡಿ ಅಂತ ಹೇಳಿದ್ದನ್ನ ಮಾತ್ರ ಮಾಡಾಣ."

ಗಿರಿಯಮ್ಮನ ಈ ನ್ಯಾಯಕ್ಕೆ ಅವರದೇ ವಿನಾಯಿತಿಗಳೂ ಇದ್ದವು. ಸ್ವಾಮಿ ಬಾವಿಯ ಬಳಿ ಪರಜಾತಿಯ ಹೆಂಗಸಿನ ಕೈಯಲ್ಲಿ ನೀರು ಕೇಳಿದ್ದನ್ನು ಓದಿದಾಗ, ಇದನ್ನು ಮಾಡಿ ಎಂದು ಬೇರೆ ಹೇಳಬೇಕೇ ಎಂದು ತಾವೇ ಹೋಗಿ ಊರಾಚೆಯ ಕೇರಿಯ ಹೆಂಗಸರನ್ನು ತಮ್ಮ ಬಾವಿಗೆ ಕರೆದರು. ಅಂದಿನಿಂದ ಕೇರಿಯವರು ಅಲ್ಲೇ ನೀರು ಸೇದುತ್ತಾರೆ. ಅಂದಿನಿಂದ ನೆಂಟರು ಆ ಮನೆಯಲ್ಲಿ ನೀರು ಕುಡಿಯುವುದಿಲ್ಲ. ಊರ ಪಂಚಾಯ್ತಿ ಒಬ್ಬ ಹೆಂಗಸನ್ನು ಹೊರಗೆ ಹಾಕಲು ಕೂತಾಗ ಗೌಡರು ಎದ್ದು, ತಪ್ಪಿಲ್ಲದವನು ಮೊದಲು ಬಾಯಿ ತೆಗೆಯಲಿ ಎಂದರಂತೆ. ಪಂಚಾಯ್ತಿ ಎದ್ದುಹೋಯಿತು. ನನ್ನ ಕಿವಿಯ ಮೇಲೆ ನನಗೇ ನಂಬಿಕೆಯಾಗಲಿಲ್ಲ. ಈ ಮಾತುಗಳನ್ನೆಲ್ಲ ನಾನು ವರ್ಷವರ್ಷವೂ ಓದುತ್ತೇನೆ. ಓದಿ ಅಡಿಗೆಮನೆಗೆ ಹೋಗುತ್ತೇನೆ.

ಸಂಜೆಯ ಓದು

ಸಂಜೆ ಎಲ್ಲರೂ ಜಗಲಿಯಲ್ಲಿ ಸೇರಿದರು. ಮಗಳು ಚೆನ್ನಿ ಓದುವವಳು. ಅವಳು ಅಕ್ಷರ ಕಲಿತದ್ದೇ ಆ ಪುಸ್ತಕದಲ್ಲಿ. ಮನೆಯ ಆಳು ಕೆಂಚ ಕೇರಿಯವನು. ಅವನು ಅಂಗಳದ ಆ ತುದಿಯಲ್ಲಿ, ಕೊಟ್ಟಿಗೆಯ ಗೋಡೆಗೆ ಒರಗಿ ಕೂತು ಕೇಳುತ್ತಿದ್ದ.

ಸ್ವಾಮಿ ಊಟದ ಹೊತ್ತಿನಲ್ಲಿ ಎದ್ದು ಸೊಂಟಕ್ಕೆ ವಸ್ತ್ರ ಕಟ್ಟಿ ಶಿಷ್ಯರ ಕಾಲು ತೊಳೆದ ಭಾಗವನ್ನು ಚೆನ್ನಿ ಓದಿದಳು. ನೀವೂ ಒಬ್ಬರ ಕಾಲನ್ನೊಬ್ಬರು ತೊಳೆಯಬೇಕು ಎಂಬಲ್ಲಿಗೆ ನಿಲ್ಲಿಸಿ ಪುಸ್ತಕ ಮಡಿಚಿದಳು. ಓದಿದ್ದು ಒಂದೇ ಹಾಳೆ!

"ಮುಂದೆ ಓದಮ್ಮ," ಎಂದೆ.

ಚೆನ್ನಿ ಅವ್ವನ ಮುಖ ನೋಡಿದಳು. ಆಮೇಲೆ ತಿಳಿಯಿತು, ರಾಗಿ ಕಣದ ಕಾಲದಿಂದ ಅವರು ದಿನವೂ ಇದೇ ಹಾಳೆಯನ್ನೇ ಓದುತ್ತಿದ್ದಾರೆ ಎಂದು. ಗೌಡರು ಬಂದ ಹೋದವರ ಕಾಲನ್ನೆಲ್ಲ ತೊಳೆದಾಗಿತ್ತು, ಬಳೆಗಾರನದು, ಪೋಸ್ಟಿನವನದು, ಈಗ ನಮ್ಮವರದು. ಆದರೂ ಹಾಳೆ ತಿರುಗಲಿಲ್ಲ. ಏಕೆಂದರೆ ಗಿರಿಯಮ್ಮ ಒಪ್ಪಲಿಲ್ಲ. ದಿನವೂ ಬರುವ ಒಬ್ಬನ ಕಾಲು ಉಳಿದಿದೆ ಎನ್ನುತ್ತಿದ್ದರು.

ಅಂದರೆ ಇವರಿಗೆ ಮುಂದಿನದು ಗೊತ್ತಿಲ್ಲ! ಸ್ವಾಮಿಯನ್ನು ಹಿಡಿದ ತೋಟ, ದೀವಟಿಗೆ, ಶಿಲುಬೆ, ಸಾವಿನಿಂದ ಎದ್ದ ಭಾನುವಾರದ ಮುಂಜಾನೆ, ಯಾವುದೂ ಗೊತ್ತಿಲ್ಲ! ನನ್ನ ದೊಡ್ಡ ವೇದ ಪೆಟ್ಟಿಗೆಯಲ್ಲೇ ಇತ್ತು. "ನಾನು ಓದುತ್ತೇನೆ, ಕೇಳಿ," ಎಂದು ಎದ್ದೆ. ಅಪ್ಪ, ಅವ್ವ, ಮಗಳು ಮೂವರೂ ಕಿವಿ ಮುಚ್ಚಿಕೊಂಡರು.

"ಬ್ಯಾಡಿ ತಾಯಿ! ಹೇಳ್ಬ್ಯಾಡಿ!" ಎಂದರು ಗೌಡರು. "ಪುಸ್ತಕ ಮಾರಿದೋನೂ ಹೇಳಕ್ ಬಂದ. ನಾವೇ ಓದಿ ತಿಳ್ಕತೀವಿ ಅಂದ್ವಿ."

"ಹಾಗಾದರೆ ದೀಕ್ಷಾಸ್ನಾನ?" ಎಂದರು ನಮ್ಮವರು.

"ನಿಮ್ಮನ್ನ ಕರೆಸಿದ್ದೇ ಅದ್ಕೆ ಸ್ವಾಮಿ. ಈ ಹಾಳೆ ಮಾಡ್ದೆ ಸ್ನಾನ ತಗಳಕ್ ನಂಗೆ ಮನಸ್ಸಿಲ್ಲ. ಮಾಡಕ್ಕೆ ಧೈರ್ಯ ಇಲ್ಲ. ಮಾಡ್ದಿದ್ರೂ ನಡೀತದೆ ಅಂತ ನೀವೇನಾರ ಹೇಳ್ತೀರೇನೋ ಅಂತ..."

ಕಾರಣವನ್ನು ಗೌಡರೇ ಬಿಡಿಸಿ ಹೇಳಿದರು. ಅವರ ಅಣ್ಣ ಊರಿನ ಪಟೇಲರು. ಬಾವಿ ಬಿಟ್ಟುಕೊಟ್ಟದ್ದನ್ನು ಹೇಗೋ ನುಂಗಿಕೊಂಡಿದ್ದರು; ಆಳಿನ ಕಾಲು ಮುಟ್ಟಿದರೆ ಕುಲದಿಂದ ಹೊರಗೆ ಎಂದಿದ್ದರು. ಚೆನ್ನಿಯನ್ನು ಯಗಟಿಯ ಕಡೆಯವರು ಮದುವೆಗೆ ಕೇಳಿದ್ದರು. ಆ ನೆಂಟಸ್ತನವೂ ಮುರಿಯುವುದು ಖಂಡಿತ.

ನಮ್ಮವರು ಗಡ್ಡ ನೀವಿಕೊಂಡರು. ನಡೆಯುತ್ತದೆ ಎಂದು ಹೇಳಲು ಅವರ ನಾಲಿಗೆ ಹೊರಳಲಿಲ್ಲ. ಮಾಡು ಎನ್ನಲೂ ಹೊರಳಲಿಲ್ಲ, ಕಳೆದುಕೊಳ್ಳುವವರು ಅವರಲ್ಲವಲ್ಲ. ಕೊನೆಗೆ ಪ್ರಾರ್ಥನೆ ಮಾಡೋಣ ಎಂದರು. ನಾನು ಕಣ್ಣು ಮುಚ್ಚಿದೆನೇ ಹೊರತು, ಪ್ರಾರ್ಥನೆಯ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ.

ಮಾರನೆಯ ಬೆಳಗ್ಗೆ

ಕೆಂಚ ಕೊಟ್ಟಿಗೆ ಗುಡಿಸಲು ಬಂದಾಗ ಚೆನ್ನಿ ಕೊಡ ತುಂಬ ನೀರು ತಂದು ಅಪ್ಪನ ಮುಂದೆ ಇಟ್ಟಳು.

"ಅಪ್ಪ, ನನ್ ಹೆಸ್ರು ಹೇಳ್ಕಂಡು ಕೂತ್ಕಬ್ಯಾಡ. ಯಗಟಿಯೋರು ಬಂದ್ರೆ ಬರ್ಲಿ, ಬಿಟ್ರೆ ಬಿಡ್ಲಿ. ನಂಗೆ ಆ ಮುಂದಿನ್ ಹಾಳೆ ಬೇಕು."

ಗೌಡರು ಮಗಳನ್ನು ನೋಡಿದರು. ವಸ್ತ್ರ ತೆಗೆದು ಸೊಂಟಕ್ಕೆ ಬಿಗಿದರು. ನಾನು ಬಾಗಿಲ ಹಿಂದೆ ತುದಿಗಾಲಲ್ಲಿ ನಿಂತಿದ್ದೆ, ಕುಣಿಯುವುದೊಂದು ಬಾಕಿ! ಕೆಂಚನಿಗೆ ಸುಳಿವು ಸಿಕ್ಕಿತು. ಪೊರಕೆ ಬಿಸಾಡಿ ಓಟ ಕಿತ್ತ. ಹುಲ್ಲಿನ ಬಣವೆಯ ಸುತ್ತ ಅವನು ಮುಂದೆ, ಕೊಡ ಹೊತ್ತ ಗೌಡರು ಹಿಂದೆ. ನೀರು ಅರ್ಧ ಗೌಡರ ಮೇಲೆಯೇ. ಬೀದಿಯಲ್ಲಿ ಜನ ನಿಂತರು. ನಾನಂತೂ ಗಟ್ಟಿಯಾಗಿ ನಕ್ಕೆ.

ಕೆಂಚ ನಿಂತು ತಿರುಗಿದಾಗ ನನ್ನ ನಗು ನಿಂತಿತು. ಅವನು ಕೈ ಮುಗಿದಿದ್ದ.

"ಬ್ಯಾಡಿ ಬುದ್ಧೀ. ನೀವು ತೊಳೀತೀರ, ಪುಸ್ತಕ ಮುಂದಕ್ಕೆ ಹೋಗ್ತದೆ. ನಿಮ್ಗೆ ಕುಲ ಹೋದ್ರೆ ಹೋಯ್ತು. ನನ್ ಕಾಲನ್ನ ಪಟೇಲ್ರ ಕಡೆಯೋರು ಮುರೀತಾರೆ. ತೊಳೆದ್ ಕಾಲನ್ನೇ ಮುರೀತಾರೆ."

ಅಯ್ಯೋ ದೇವರೇ! ಗೌಡರ ಧೈರ್ಯ, ಚೆನ್ನಿಯ ಮದುವೆ ಎಲ್ಲವನ್ನೂ ನಾನು ತೂಗಿದ್ದೆ. ಕೆಂಚನ ಮೂಳೆ ನನ್ನ ತಕ್ಕಡಿಯಲ್ಲಿ ಬಂದೇ ಇರಲಿಲ್ಲ. ಗೌಡರದರಲ್ಲೂ ಬಂದಿರಲಿಲ್ಲ, ಅವರ ಮುಖವೇ ಹೇಳಿತು. ಕೊಡ ಕೆಳಗಿಟ್ಟು, ಒದ್ದೆ ಬಟ್ಟೆಯಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ಹಂಗಾದ್ರೆ ನೀನೇ ಹೇಳೋ ಕೆಂಚ. ಏನ್ಮಾಡ್ಲಿ?"

ಗೌಡರು ಆಳನ್ನು ಹಾಗೆ ಕೇಳಿದ್ದು ಅದೇ ಮೊದಲಂತೆ, ಗಿರಿಯಮ್ಮ ಆಮೇಲೆ ಹೇಳಿದರು. ಕೆಂಚ ಬೀದಿಯ ಜನರನ್ನು ನೋಡಿದ, ಬಾವಿಯ ಕಡೆ ನೋಡಿದ.

"ತೊಳೀರಿ," ಎಂದ. "ಆದ್ರೆ ಆಮೇಲೆ ನನ್ ಒಬ್ಬನ್ನೇ ಮನೇಗ್ ಕಳಿಸ್ಬ್ಯಾಡಿ."

ಗೌಡರು ತೊಳೆದರು. ಎಲ್ಲರ ಎದುರಿಗೆ, ಹಿಮ್ಮಡಿ ಬಿರುಕು ಬಿಟ್ಟ ಆ ಕಾಲುಗಳನ್ನು ಬೆರಳು ಬೆರಳಾಗಿ ತೊಳೆದು, ತಮ್ಮ ವಸ್ತ್ರದಲ್ಲಿ ಒರಸಿದರು. ಕೆಂಚ ಆಕಾಶ ನೋಡಿಕೊಂಡು ಅತ್ತ. ನಾನೂ ಅತ್ತೆ, ನಮ್ಮವರೂ ಅತ್ತರು. ಅವರ ಪ್ರಶ್ನೆಗಳ ಪಟ್ಟಿ ಜೇಬಿನಿಂದ ಹೊರಗೆ ಬರಲೇ ಇಲ್ಲ. ಪಾದ್ರಿಯವರನ್ನು ಬೇಗ ಕರೆಸುತ್ತೇನೆ, ಒಂದು ಮನೆಗಲ್ಲ, ಕೆಂಚ ಒಪ್ಪಿದರೆ ಎರಡು ಮನೆಗೆ ಎಂದಷ್ಟೇ ಹೇಳಿದರು.

ಕೇರಿ

ಆ ಸಂಜೆಯ ಓದು ಕೆಂಚನ ಗುಡಿಸಲಿನಲ್ಲಿ. ಗೌಡರ ಮನೆಯವರೆಲ್ಲ ಅಲ್ಲಿಗೆ ನಡೆದರು. ಗಿರಿಯಮ್ಮ ಚಾಪೆಗಳನ್ನೂ ಹೊತ್ತಿದ್ದರು. ಚಾಪೆ ಏಕೆಂದು ಕೇಳಿದೆ. ಕೆಂಚನನ್ನು ಒಬ್ಬನೇ ಬಿಡುವುದಿಲ್ಲವೆಂದು ಮಾತು ಕೊಟ್ಟ ಮೇಲೆ, ಇಂದು ಮಲಗುವುದೂ ಅಲ್ಲೇ ಎಂದರು. ಕೆಂಚನ ಹೆಂಡತಿ ನಾಚಿಕೆಯಿಂದಲೋ ಭಯದಿಂದಲೋ ಮೂಲೆ ಸೇರಿದ್ದಳು. ಗೌಡರು ಒಳಗೆ ಬರಲಿಲ್ಲ. ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿ ಮಲಗಿದರು.

ಚೆನ್ನಿ ಹಾಳೆ ತಿರುಗಿಸಿದಳು. ಅಕ್ಕಂದಿರೇ, ಆ ಮುಖಗಳನ್ನು ನೀವು ನೋಡಬೇಕಿತ್ತು! ನನ್ನನ್ನು ಹಿಡಿದುಕೊಡುವವನು ನಿಮ್ಮಲ್ಲೇ ಒಬ್ಬ ಎಂದು ಸ್ವಾಮಿ ಹೇಳಿದಾಗ ಗಿರಿಯಮ್ಮ ನನ್ನ ಕೈಯನ್ನು ನೋಯುವ ಹಾಗೆ ಹಿಡಿದರು. ಯಾರು, ಯಾರು ಎಂದು ಕೆಂಚನ ಹೆಂಡತಿ ಮೂಲೆಯಿಂದ ಸರಿದು ಬಂದಳು. ಬಾಯಿಗೆ ಸೆರಗು ತುರುಕಿಕೊಂಡು ಕೂತೆ ನಾನು.

ಆಗ ಹೊರಗೆ ಕೆಮ್ಮು ಕೇಳಿಸಿತು. ಪಟೇಲರು, ಕೈಯಲ್ಲಿ ಕೋಲು. ಹಿಂದೆ ಇಬ್ಬರು ಆಳುಗಳು.

"ಏಳಲೇ ಹಾಲಪ್ಪ. ಮನೇಗ್ ನಡಿ. ಆ ನನ್ಮಗನ್ನ ಆಚೆ ಕಳ್ಸು."

ಗೌಡರು ಮಲಗಿದಲ್ಲಿಂದ ಕದಲಲಿಲ್ಲ.

"ಒಳಗವ್ನೆ ಅಣ್ಣ. ದಾಟ್ಕಂಡ್ ಹೋಗು."

ಮಲಗಿದವರನ್ನು ದಾಟಬಾರದು, ಅದು ನಮ್ಮಲ್ಲೂ ಉಂಟು, ಅಲ್ಲೂ ಉಂಟು. ಅದರಲ್ಲೂ ಒಡಹುಟ್ಟಿದ ತಮ್ಮನನ್ನು! ಪಟೇಲರು ಒಂದು ಕಾಲು ಎತ್ತಿದರು, ಇಳಿಸಿದರು. ನಮ್ಮವರು ಎದ್ದು ಕೆಂಚನ ಮುಂದೆ ನಿಂತರು. ನನ್ನ ಎದೆಯ ಬಡಿತ ಮಂಗಳೂರಿಗೆ ಕೇಳಿಸಿರಬೇಕು.

ಚೆನ್ನಿ ಮಾತ್ರ ಓದು ನಿಲ್ಲಿಸಲಿಲ್ಲ. ದನಿ ಎತ್ತರಿಸಿ ಓದಿದಳು. ಸ್ವಾಮಿ ರೊಟ್ಟಿಯ ತುಂಡನ್ನು ಅದ್ದಿ ಕೊಟ್ಟದ್ದು, ಅದನ್ನು ಕೈಯಲ್ಲಿ ತೆಗೆದುಕೊಂಡವನು ಎದ್ದು ಹೊರಗೆ ಹೋದದ್ದು, ಹೊರಗೆ ಕತ್ತಲೆ. ಪಟೇಲರು ಹೋಗಲೂ ಇಲ್ಲ, ಒಳಗೆ ಬರಲೂ ಇಲ್ಲ. ಹಿಂದಿನ ಆಳುಗಳಲ್ಲಿ ಒಬ್ಬ ಕುಕ್ಕರಗಾಲಲ್ಲಿ ಕೂತ. ನಾನು ನಿಮ್ಮನ್ನು ಪ್ರೀತಿಸಿದ ಹಾಗೆ ನೀವೂ ಒಬ್ಬರನ್ನೊಬ್ಬರು ಪ್ರೀತಿಸಬೇಕು ಎಂಬಲ್ಲಿಗೆ ಬಂದು ಚೆನ್ನಿ ಪುಸ್ತಕ ಮಡಿಚಿದಳು.

ಹೊರಗಿನಿಂದ ಪಟೇಲರ ದನಿ ಬಂತು.

"ಯಾಕೆ ನಿಲ್ಸಿದೆ? ಎದ್ದು ಹೋದ್ನಲ್ಲ, ಆ ಮನೆಹಾಳ, ಅವನು ಏನ್ಮಾಡ್ದ?"

"ನಂಗೂ ಗೊತ್ತಿಲ್ಲ ದೊಡ್ಡಪ್ಪ. ಈ ಮನೆ ಕಟ್ಟಳೆ ನಿಂಗ್ ಗೊತ್ತಲ್ಲ. ಹೇಳಿದ್ದನ್ನ ಮಾಡ್ದೆ ಮುಂದಕ್ ಓದಂಗಿಲ್ಲ."

"ನಾನೇನ್ ಮಾಡ್ಬೇಕೇ?"

"ಮೊದ್ಲು ಆ ಕೋಲು ಕೆಳಗಿಡು."

ಪಟೇಲರು ಕೋಲನ್ನು ನೋಡಿದರು, ಬಾಗಿಲಿಗೆ ಅಡ್ಡ ಮಲಗಿದ ತಮ್ಮನನ್ನು ನೋಡಿದರು. ಆಮೇಲೆ ಕೋಲನ್ನು ಕೆಂಚನ ಗುಡಿಸಲಿನ ಗೋಡೆಗೆ ಒರಗಿಸಿ, ಅಲ್ಲೇ ನೆಲದ ಮೇಲೆ ಕೂತರು.

"ಇಟ್ಟೆ ಕಣೇ," ಎಂದರು. "ಈಗ ಓದು."